ಮರ್ಕೆರಾ ಅಂತ ಬರೆದರೂ ಮಡಿಕೇರಿಗೇ ಬರುವ ಕಾಗದ

ಮಡಿಕೇರಿಯ ಡಿಟಿಪಿ ಅಂಗಡಿಯೊಂದರಲ್ಲಿ ಮದುವೆ ಕಾರ್ಡಿನ ಪ್ರೂಫ್ ತಿದ್ದಿಸುತ್ತ ಕೂತಿದ್ದೆ. ಬಂಧುಗಳ ಪಟ್ಟಿ ಉದ್ದ, ಕಾರ್ಡು ಗಿಡ್ಡ. ಕೊನೆಯ ಎರಡು ಸಾಲು ಹೊರಗೇ ಉಳಿದವು. "ಸಾಲು ಒಂಚೂರು ಹತ್ತಿರ ತರೋದು ಎಲ್ಲಿತ್ತು ಸರ್?" ಅಂತ ಹುಡುಗ ನನ್ನನ್ನೇ ಕೇಳಿದ. ಮೆನುಗಳನ್ನು ಬಿಚ್ಚಿದ, ಮುಚ್ಚಿದ. ಹುಡುಕುವ ಪೆಟ್ಟಿಗೆಯಲ್ಲಿ 'ಗ್ಯಾಪ್' ಅಂತ ಹೊಡೆದ, ಏನೂ ಬರಲಿಲ್ಲ. ಬೇಸತ್ತು ಅಕ್ಷರದ ಸೈಜನ್ನೇ ಇಳಿಸಿಬಿಟ್ಟ. ಈಗ ಆ ಕಾರ್ಡು ಓದಲು ಹಿರಿಯರಿಗೆ ಭೂತಕನ್ನಡಿ ಬೇಕು.

ಅವನಿಗೆ ಬೇಕಾದದ್ದು ಕಣ್ಣೆದುರೇ ಇತ್ತು. ಹೆಸರು ಮಾತ್ರ 'ಲೆಡಿಂಗ್'. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಸಾಲುಗಳ ನಡುವೆ ಸೀಸದ ಪಟ್ಟಿ ಇಡುತ್ತಿದ್ದರು. ಲೆಡ್ ಎಂದರೆ ಸೀಸ. ಸೀಸ ಹೋಯಿತು, ಹೆಸರು ಉಳಿಯಿತು. ನಮ್ಮ ಹುಡುಗರು ಅದನ್ನು 'ಲೀಡಿಂಗ್' ಎಂದು ಓದಿ, ಇಲ್ಲಿ ಯಾರು ಯಾರನ್ನು ಮುನ್ನಡೆಸುತ್ತಿದ್ದಾರೆ ಎಂದು ತಲೆ ಕೆರೆದುಕೊಳ್ಳುತ್ತಾರೆ. ಫೋಟೋಶಾಪಿನ 'ಡಾಡ್ಜ್', 'ಬರ್ನ್' ಕಥೆಯೂ ಇದೇ. ಡಾರ್ಕ್‌ರೂಮಿನಲ್ಲಿ ಫೋಟೋ ದೊಡ್ಡದು ಮಾಡುವಾಗ ಬೆಳಕಿಗೆ ರಟ್ಟಿನ ತುಂಡು ಅಡ್ಡ ಹಿಡಿದರೆ ಕಾಗದದ ಆ ಭಾಗ ತಿಳಿಯಾಗುತ್ತಿತ್ತು, ಅದು ಡಾಡ್ಜ್. ಇನ್ನಷ್ಟು ಹೊತ್ತು ಬೆಳಕು ಬಿಟ್ಟರೆ ಕಪ್ಪಾಗುತ್ತಿತ್ತು, ಅದು ಬರ್ನ್. ಡಾಡ್ಜ್ ಐಕಾನಿನಲ್ಲಿರುವುದು ಕಡ್ಡಿಗೆ ಸಿಕ್ಕಿಸಿದ ಅದೇ ತುಂಡು. ಇಂದಿನವರ ಕಣ್ಣಿಗೆ ಲಾಲಿಪಾಪ್!

ಇದಕ್ಕೆಲ್ಲ ಊರವರು ಹೇಳುವ ಮದ್ದು ಶಾರ್ಟ್‌ಕಟ್ ಪಟ್ಟಿ, ಅಂದರೆ ಮೆನು ಬಿಚ್ಚದೆ ಕೀಲಿ ಒತ್ತಿಯೇ ಕೆಲಸ ಮುಗಿಸುವ ದಾರಿಗಳ ಪಟ್ಟಿ. 'ನೂರು ಶಾರ್ಟ್‌ಕಟ್‌ಗಳು' ಎಂಬ ಹಾಳೆಗೆ ಲ್ಯಾಮಿನೇಷನ್ ಮಾಡಿಸಿ, ದೃಷ್ಟಿಬೊಂಬೆಯ ಹಾಗೆ ಮಾನಿಟರಿನ ಮೇಲೆ ಅಂಟಿಸಿರುತ್ತಾರೆ. ನನಗೆ ಈ ತಾಯಿತದಲ್ಲಿ ನಂಬಿಕೆಯಿಲ್ಲ. ವರ್ಡ್ ಬಳಸಿ ಪಳಗಿದ 251 ಮಂದಿಯ ಬಗ್ಗೆ 2005ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಂಥವರೂ ಶಾರ್ಟ್‌ಕಟ್ ಕೀಲಿಗಳನ್ನು ಬಳಸುತ್ತಿದ್ದುದು ಕಡಿಮೆಯೇ.

ಶಾರ್ಟ್‌ಕಟ್ ಎಂದರೆ ಕಾಫಿ ತೋಟದ ಒಳದಾರಿ. ಡಾಂಬರು ರಸ್ತೆ ಸುತ್ತಿ ಬಳಸಿ ಹೋಗುತ್ತದೆ, ಆದರೆ ಬೋರ್ಡು ಇರುತ್ತದೆ. ಒಳದಾರಿಯನ್ನು ಹಾಳೆ ನೋಡಿ ಕಲಿತವರಿಲ್ಲ. ತೋಟದ ರೈಟರ ಹಿಂದೆ ನಾಲ್ಕು ಸಲ ನಡೆದರೆ ಕಾಲಿಗೇ ಗೊತ್ತಾಗುತ್ತದೆ. ಈಚಿನ ತಂತ್ರಾಂಶಗಳು ಈ ರೈಟರ ಕೆಲಸವನ್ನು ಕಮಾಂಡ್ ಪ್ಯಾಲೆಟ್‌ಗೆ, ಅಂದರೆ ಆಜ್ಞೆಗಳನ್ನು ಹೆಸರಿನಿಂದ ಹುಡುಕಿಕೊಡುವ ಪೆಟ್ಟಿಗೆಗೆ, ಕೊಟ್ಟಿವೆ. ಚಿತ್ರ ಬರೆಯುವ ಇಂಕ್‌ಸ್ಕೇಪ್‌ನಲ್ಲಿ 2021ರ 1.1 ಆವೃತ್ತಿಯಿಂದ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಫೋಟೋ ತಿದ್ದುವ ಗಿಂಪ್‌ನಲ್ಲಿ ಓರೆಗೆರೆ (/), ತ್ರೀಡಿ ಚಿತ್ರದ ಬ್ಲೆಂಡರ್‌ನಲ್ಲಿ ಎಫ್3. ಬೇಕಾದ ಕೆಲಸದ ಹೆಸರು ಹೊಡೆದರೆ ಸಾಕು, ಯಾವ ಮೆನುವಿನ ಯಾವ ಮೂಲೆ ಎಂಬ ಚಿಂತೆಯಿಲ್ಲ. ಸಿಕ್ಕ ಹೆಸರಿನ ಪಕ್ಕದಲ್ಲೇ ಅದರ ಕೀಲಿಯನ್ನೂ ತೋರಿಸಿದರೆ ಬಳಸುದಾರಿಯಲ್ಲಿ ಹೋದವನಿಗೆ ಪ್ರತಿಸಲವೂ ಒಳದಾರಿ ಕಣ್ಣಿಗೆ ಬೀಳುತ್ತದೆ.

ಅಕ್ಷರ ತಪ್ಪಿದರೂ ಹಲವು ಪ್ಯಾಲೆಟ್‌ಗಳು ಮುನಿಯುವುದಿಲ್ಲ. ಎಲ್, ಎಸ್, ಪಿ ಅಂತ ಮೂರಕ್ಷರ ಹೊಡೆದರೆ, ಅವು ಅದೇ ಕ್ರಮದಲ್ಲಿ, ನಡುವೆ ಏನೇ ಇದ್ದರೂ, ಯಾವ ಹೆಸರಿನಲ್ಲಿ ಬರುತ್ತವೆ ಎಂದು ನೋಡಿ 'ಲೈನ್ ಸ್ಪೇಸಿಂಗ್' ಎತ್ತಿಕೊಡುತ್ತವೆ. ಆದರೆ ಈ ಔದಾರ್ಯವೆಲ್ಲ ಕಾಗುಣಿತಕ್ಕೆ, ಅರ್ಥಕ್ಕಲ್ಲ. 'ಗ್ಯಾಪ್' ಎಂಬ ಪದವನ್ನು ಎಷ್ಟು ಹಿಂಜಿದರೂ 'ಲೆಡಿಂಗ್' ಆಗುವುದಿಲ್ಲ.

ಅಮೆರಿಕದ ಬೆಲ್ ಕಮ್ಯುನಿಕೇಷನ್ಸ್ ರಿಸರ್ಚ್‌ನಲ್ಲಿದ್ದ ಜಾರ್ಜ್ ಫರ್ನಸ್ ಮತ್ತು ಸಂಗಡಿಗರು 1987ರಲ್ಲೇ ಈ ಕಾಯಿಲೆಯನ್ನು ಅಳೆದಿದ್ದರು. ಒಂದೇ ವಸ್ತುವಿಗೆ ಇಬ್ಬರು ತಮಗೆ ತೋಚಿದ ಹೆಸರಿಟ್ಟರೆ ಎರಡೂ ಒಂದೇ ಆಗುವ ಸಂಭವ 0.20ಕ್ಕಿಂತ ಕಡಿಮೆ! ಅಂದರೆ ತಂತ್ರಾಂಶ ಬರೆದವನು ಎಷ್ಟೇ ಯೋಚಿಸಿ ಹೆಸರಿಟ್ಟರೂ ಐವರಲ್ಲಿ ನಾಲ್ವರು ಬೇರೆ ಪದ ಹೊಡೆಯುತ್ತಾರೆ. ಫರ್ನಸ್ ತಂಡ ಸೂಚಿಸಿದ ಪರಿಹಾರ ಸರಳ: ಒಂದು ಕೆಲಸಕ್ಕೆ ಹತ್ತಾರು ಹೆಸರು ಕೊಡಿ.

ಕೊಡಗಿನವರಿಗೆ ಇದು ಹೊಸದೇನಲ್ಲ. ಬ್ರಿಟಿಷರ ಮರ್ಕೆರಾ ನಮ್ಮ ಮಡಿಕೇರಿ, ಅವರ ಫ್ರೇಜರ್‌ಪೇಟೆ ನಮ್ಮ ಕುಶಾಲನಗರ. ಹಳೆ ಹೆಸರು ಬರೆದ ಲಕೋಟೆಯನ್ನು ಪೋಸ್ಟ್‌ಮ್ಯಾನ್ 'ಇಂಥ ಊರಿಲ್ಲ' ಅಂತ ಹಿಂದೆ ಕಳಿಸುತ್ತಾನೆಯೇ? ಗೋಣಿಕೊಪ್ಪದ ಸಂತೆಯಲ್ಲಿ ಒಂದೇ ಗೆಡ್ಡೆಯನ್ನು ಕೊಡವ ತಕ್ಕ್‌ನಲ್ಲಿ ಕೇಳಿ, ಅರೆಭಾಷೆಯಲ್ಲಿ ಕೇಳಿ, ಮಲಯಾಳದಲ್ಲಿ ಕೇಳಿ, ತೂಗಿ ಕೊಡುತ್ತಾರೆ. ಕೋಟಿಗಟ್ಟಲೆ ಸುರಿದು ಮಾಡಿದ ತಂತ್ರಾಂಶಕ್ಕೆ ಮಾತ್ರ ಈ ಸಂತೆಬುದ್ಧಿ ಬಂದಿಲ್ಲ.

ಬರಿಸುವುದು ಕಷ್ಟವೂ ಅಲ್ಲ. 'ಗ್ಯಾಪ್' ಹೊಡೆದು ಬರಿಗೈಯಲ್ಲಿ ವಾಪಸಾದವನು ಮುಂದಿನ ನಿಮಿಷದಲ್ಲಿ ಯಾವ ಆಜ್ಞೆ ಬಳಸಿದ? ಅಂಥ ನೂರು ಜನ ಕೊನೆಗೆ ಲೆಡಿಂಗ್‌ಗೇ ಬಂದು ನಿಂತರೆ ಅದಕ್ಕೆ ಇನ್ನೊಂದು ಹೆಸರು ಸಿಕ್ಕಂತಾಯಿತು. ಬಳಸುವವರ ಒಪ್ಪಿಗೆ ಪಡೆದೇ ಇದನ್ನು ಮಾಡಬೇಕು, ಅದು ಬೇರೆ ಮಾತು. 'ಅಂತರ' ಅಂತ ಕನ್ನಡದಲ್ಲಿ ಹೊಡೆದರೂ ಅದು ಸಿಗಬೇಕು ಎಂಬುದು ನನ್ನ ದುರಾಸೆ.

ಮೊನ್ನೆ ಮತ್ತೆ ಆ ಅಂಗಡಿಗೆ ಹೋಗಿದ್ದೆ. ಲ್ಯಾಮಿನೇಷನ್ ಹಾಳೆಯನ್ನು ಹುಡುಗ ತಿರುಗಿಸಿ ಅಂಟಿಸಿದ್ದ. ಖಾಲಿ ಬೆನ್ನಿನ ಮೇಲೆ ಮಾರ್ಕರಿನಲ್ಲಿ ಅವನದೇ ಕೈಬರಹ: ಸಾಲು ಹತ್ತಿರ – ಲೆಡಿಂಗ್. ಅಕ್ಷರ ಹತ್ತಿರ – ಕರ್ನಿಂಗ್. ಮುಖ ಬೆಳ್ಳಗೆ – ಲಾಲಿಪಾಪ್.