ಮೊದಲು ಇಪ್ಪತ್ತು ಪ್ರಶ್ನೆ ಬರೆದುಕೊಡಿ

ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಖಗೋಳ ವಿಜ್ಞಾನಿಗಳ ಜೊತೆ ಕೆಲಸಕ್ಕೆ ಕುಳಿತಾಗ ಮೊದಲು ಕೇಳಿದ್ದು ಒಂದು ಪಟ್ಟಿಯನ್ನು. ನಿಮ್ಮ ದತ್ತಾಂಶದಿಂದ ಉತ್ತರ ಪಡೆಯಬೇಕೆಂದಿರುವ ಇಪ್ಪತ್ತು ಪ್ರಶ್ನೆಗಳನ್ನು ಬರೆದುಕೊಡಿ ಎಂದರು. ಎಷ್ಟು ಡಿಸ್ಕ್ ಬೇಕು, ಯಾವ ಯಂತ್ರ ಬೇಕು, ಯಾವ ಭಾಷೆಯಲ್ಲಿ ಪ್ರೋಗ್ರಾಂ ಬರೆಯಬೇಕು ಎಂಬುದೆಲ್ಲ ಆಮೇಲಿನ ಮಾತು. ಐದೇ ಪ್ರಶ್ನೆಗಳಾದರೆ ಅವುಗಳ ಒಳಗಿನ ಜಾಡು ಕಾಣುವುದಿಲ್ಲ, ನೂರಾದರೆ ಯಾವುದು ಮುಖ್ಯವೆಂದು ತಿಳಿಯುವುದಿಲ್ಲ. ಗ್ರೇ ಡೇಟಾಬೇಸ್ ಕ್ಷೇತ್ರದ ಕೆಲಸಕ್ಕೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 1998ರಲ್ಲಿ ಪಡೆದವರು. ಎದುರಿಗಿದ್ದವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಸಲಾಯ್ ಮತ್ತು ಅವರ ಸಂಗಡಿಗರು. ಖಗೋಳ ವಿಜ್ಞಾನ ಮತ್ತು ದತ್ತಾಂಶ ವಿಜ್ಞಾನ ಎರಡನ್ನೂ ಓದಿ ಮುಂದೆ ಏನು ಮಾಡಬಹುದು ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಈ ಇಬ್ಬರ ಕೆಲಸದ ಕಥೆಯನ್ನೇ ಹೇಳುತ್ತೇನೆ.

ಅವರ ಕೈಯಲ್ಲಿದ್ದದ್ದು ಸ್ಲೋನ್ ಡಿಜಿಟಲ್ ಆಕಾಶ ಸಮೀಕ್ಷೆ. ನ್ಯೂ ಮೆಕ್ಸಿಕೊದ ಅಪಾಚೆ ಪಾಯಿಂಟ್ ವೀಕ್ಷಣಾಲಯದಲ್ಲಿ 2.5 ಮೀಟರ್ ಕನ್ನಡಿಯ ದೂರದರ್ಶಕವೊಂದು 2000ದಿಂದ ಈ ಸಮೀಕ್ಷೆಯನ್ನು ನಡೆಸಿತು. ಗಾತ್ರದಲ್ಲಿ ಅದು ದೊಡ್ಡದೇನಲ್ಲ, ಅದರ ಹೆಚ್ಚುಗಾರಿಕೆ ಇದ್ದದ್ದು ಕ್ಯಾಮೆರಾದಲ್ಲಿ. ಐದು ಬಣ್ಣದ ಸೋಸುಕಗಳ ಹಿಂದೆ ಆರಾರರಂತೆ ಜೋಡಿಸಿದ, ಬೆಳಕನ್ನು ಗ್ರಹಿಸುವ ಮೂವತ್ತು ಸಿಸಿಡಿ ಚಿಪ್‌ಗಳು. ರಾತ್ರಿಯಿಡೀ ಆಕಾಶ ಆ ಚಿಪ್‌ಗಳ ಮೇಲೆ ಹರಿಯುತ್ತಾ ಹೋಗುತ್ತಿತ್ತು. ಚಿತ್ರದಲ್ಲಿ ಕಂಡ ಗ್ಯಾಲಕ್ಸಿಗಳಲ್ಲಿ ಆಯ್ದವುಗಳ ರೋಹಿತವನ್ನು, ಅಂದರೆ ಬೆಳಕು ಬಣ್ಣಗಳಾಗಿ ಬಿಡಿಸಿಕೊಂಡ ಪಟ್ಟಿಯನ್ನು, ಬೇರೆಯಾಗಿ ತೆಗೆಯಬೇಕಿತ್ತು. ಅದಕ್ಕೆ ಅಲ್ಯೂಮಿನಿಯಂ ತಟ್ಟೆಗಳಲ್ಲಿ ಒಂದೊಂದು ಗ್ಯಾಲಕ್ಸಿಯ ಸ್ಥಾನಕ್ಕೆ ಒಂದೊಂದು ತೂತು ಕೊರೆದು, ತಟ್ಟೆಗೆ ಬೆಳಕು ಸಾಗಿಸುವ 640 ಗಾಜಿನ ಎಳೆಗಳನ್ನು ಕೈಯಿಂದಲೇ ಸಿಕ್ಕಿಸುತ್ತಿದ್ದರು. ಹೀಗೆ ಬಂದ ಮೊದಲ ಕಂತು 2001ರ ಜೂನ್‌ನಲ್ಲಿ ಸಾರ್ವಜನಿಕವಾಯಿತು. ಅದರಲ್ಲಿ ಸುಮಾರು 1.4 ಕೋಟಿ ಆಕಾಶಕಾಯಗಳಿದ್ದವು.

ಈ ರಾಶಿಯನ್ನು ಇಡುವುದು ಎಲ್ಲಿ ಎಂಬುದಕ್ಕಿಂತ, ಇಟ್ಟ ಮೇಲೆ ಬೇಕಾದದ್ದನ್ನು ಹುಡುಕುವುದು ಹೇಗೆ ಎಂಬುದೇ ದೊಡ್ಡ ತೊಡಕಾಗಿತ್ತು. ಸಮೀಕ್ಷೆಯವರು ಮೊದಲು ಬೇರೊಂದು ಬಗೆಯ ಡೇಟಾಬೇಸ್ ಆರಿಸಿಕೊಂಡಿದ್ದರು. ಗ್ರೇ ಮತ್ತು ಸಲಾಯ್ ಸೇರಿ ಅದನ್ನು ಸಾಲು-ಕಂಬಗಳ ಕೋಷ್ಟಕಗಳಿಗೆ ಬದಲಾಯಿಸಿದರು. ಹೊಸ ವಿನ್ಯಾಸಕ್ಕೆ ಆ ಇಪ್ಪತ್ತು ಪ್ರಶ್ನೆಗಳೇ ಒರೆಗಲ್ಲು. ಒಂದೊಂದು ಪ್ರಶ್ನೆಯನ್ನೂ ಡೇಟಾಬೇಸಿನಿಂದ ಉತ್ತರ ಕೇಳಲು ಬಳಸುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಬರೆದು ಓಡಿಸಿ, ಎಲ್ಲಿ ತಡವಾಯಿತು, ಏಕೆ ತಡವಾಯಿತು ಎಂದು ನೋಡುತ್ತಾ ತಿದ್ದಿದರು.

ಅವುಗಳಲ್ಲಿ ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ: ಕ್ಷುದ್ರಗ್ರಹಗಳಂತೆ ಚಲಿಸುತ್ತಿರುವ ಕಾಯಗಳನ್ನೆಲ್ಲ ಪಟ್ಟಿ ಮಾಡಿ. ಕ್ಯಾಮೆರಾದಲ್ಲಿ ಒಂದೇ ಕಾಯ ಐದು ಸೋಸುಕಗಳನ್ನೂ ದಾಟಲು ಐದು ನಿಮಿಷ ಹಿಡಿಯುತ್ತದೆ. ನಕ್ಷತ್ರಗಳು, ಗ್ಯಾಲಕ್ಸಿಗಳು ಅಷ್ಟರಲ್ಲಿ ಕದಲುವುದಿಲ್ಲ. ಆದ್ದರಿಂದ ಐದೂ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟರೆ ಅವು ಒಂದೇ ಚುಕ್ಕೆಯಾಗಿ ಕೂರುತ್ತವೆ. ಕ್ಷುದ್ರಗ್ರಹ ಮಾತ್ರ ಆ ಐದು ನಿಮಿಷಗಳಲ್ಲಿ ಸ್ವಲ್ಪ ಸರಿದಿರುತ್ತದೆ. ಹಾಗಾಗಿ ಬಣ್ಣಗಳು ಬೇರ್ಪಟ್ಟು ಪಕ್ಕಪಕ್ಕದ ಚುಕ್ಕೆಗಳಾಗಿ ಕಾಣುತ್ತದೆ. ಸಂಸ್ಕರಣೆಯ ತಂತ್ರಾಂಶ ಪ್ರತಿ ಕಾಯಕ್ಕೂ ಹೀಗೆ ಸರಿದ ದೂರವನ್ನು ಅಳೆದು, ಅಡ್ಡ ವೇಗ ಮತ್ತು ಉದ್ದ ವೇಗ ಎಂಬ ಎರಡು ಕಂಬಗಳಲ್ಲಿ ಬರೆದಿಡುತ್ತದೆ. ಇನ್ನು ಪ್ರಶ್ನೆ ಕೇಳುವುದು ಸುಲಭ. ಎರಡೂ ವೇಗಗಳ ವರ್ಗಗಳನ್ನು ಕೂಡಿಸಿ, ಮೊತ್ತ ಇಂತಿಷ್ಟಕ್ಕಿಂತ ಹೆಚ್ಚು, ಇಂತಿಷ್ಟಕ್ಕಿಂತ ಕಡಿಮೆ ಇರುವ ಸಾಲುಗಳನ್ನು ಕೊಡು ಎಂದರೆ ಮುಗಿಯಿತು. ಆದರೆ ಆ ಎರಡು ಕಂಬಗಳು ಇರಲೇಬೇಕೆಂದು ಮೊದಲೇ ಹೊಳೆಯಲು ಖಗೋಳ ವಿಜ್ಞಾನ ಗೊತ್ತಿರಬೇಕು. ಕೋಟಿಗಟ್ಟಲೆ ಸಾಲುಗಳ ಮೇಲೆ ಆ ಲೆಕ್ಕ ನಿಮಿಷಗಳಲ್ಲಿ ಮುಗಿಯಬೇಕಾದರೆ ಡೇಟಾಬೇಸ್ ಗೊತ್ತಿರಬೇಕು.

ಇನ್ನೊಂದು ಬಗೆಯ ಪ್ರಶ್ನೆ ಇದಕ್ಕಿಂತ ಬಿಗಿ. ಈ ಕಾಯದ ಅಕ್ಕಪಕ್ಕ ಏನಿದೆ? ಈ ಪಟ್ಟಿಯಲ್ಲಿರುವ ಯಾವ ಕಾಯ ಆ ಪಟ್ಟಿಯಲ್ಲೂ ಇದೆ? ಒಂದು ಕೋಟಿ ಕಾಯಗಳನ್ನು ಇನ್ನೊಂದು ಕೋಟಿಯೊಂದಿಗೆ ಒಂದೊಂದಾಗಿ ಹೋಲಿಸಲು ಹೊರಟರೆ ನೂರು ಲಕ್ಷ ಕೋಟಿ ಹೋಲಿಕೆಗಳಾಗುತ್ತವೆ. ಸೆಕೆಂಡಿಗೆ ಹತ್ತು ಲಕ್ಷದಂತೆ ಮಾಡಿದರೂ ಮೂರು ವರ್ಷ ಮೀರುತ್ತದೆ. ಸಲಾಯ್ ತಂಡ ಇದಕ್ಕೆ ಆಕಾಶಗೋಲವನ್ನು ಎಂಟು ತ್ರಿಕೋನಗಳಾಗಿ, ಪ್ರತಿ ತ್ರಿಕೋನವನ್ನು ಮತ್ತೆ ನಾಲ್ಕಾಗಿ, ಹೀಗೆ ಇಪ್ಪತ್ತು ಸಲ ಒಡೆಯುತ್ತಾ ಹೋಯಿತು. ಕೊನೆಯ ತ್ರಿಕೋನದ ಬದಿ, ಡಿಗ್ರಿಯ 3,600ರಲ್ಲಿ ಒಂದು ಭಾಗವಾದ ಒಂದು ಆರ್ಕ್‌ಸೆಕೆಂಡಿಗಿಂತ ಚಿಕ್ಕದು. ಜಮೀನಿನ ಸರ್ವೆ ನಂಬರಿಗೆ ಪೋಡಿಯಾದಾಗಲೆಲ್ಲ ಹೊಸ ಉಪಸಂಖ್ಯೆ ಸೇರುವಂತೆ, ಇಲ್ಲಿ ಪ್ರತಿ ತುಣುಕಿನ ಸಂಖ್ಯೆ ಅದರ ಮೂಲ ತ್ರಿಕೋನದ ಸಂಖ್ಯೆಯಿಂದಲೇ ಬೆಳೆಯುತ್ತದೆ. ಹಾಗಾಗಿ ಆಕಾಶದಲ್ಲಿ ನೆರೆಹೊರೆಯಾಗಿರುವ ಕಾಯಗಳು ಬಹುಪಾಲು ಡಿಸ್ಕಿನಲ್ಲೂ ಹತ್ತಿರವೇ ಕೂರುತ್ತವೆ. ಕಂಪ್ಯೂಟರ್ ಇಡೀ ಆಕಾಶವನ್ನು ಜಾಲಾಡಬೇಕಿಲ್ಲ.

ಇದೆಲ್ಲ ಮಾಡಿದ ಸಲಾಯ್ ಮೂಲತಃ ಕಂಪ್ಯೂಟರ್ ಕಲಿತವರಲ್ಲ. 1949ರಲ್ಲಿ ಹಂಗೇರಿಯ ಡೆಬ್ರೆಸೆನ್‌ನಲ್ಲಿ ಹುಟ್ಟಿ, ಬುಡಾಪೆಸ್ಟ್‌ನಲ್ಲಿ ಓದಿ, ಹರೆಯದಲ್ಲಿ ರಾಕ್ ತಂಡವೊಂದರಲ್ಲಿ ಗಿಟಾರ್ ನುಡಿಸಿದವರು. ಅವರ ಮೊದಲ ಕೆಲಸ ಸೈದ್ಧಾಂತಿಕ ವಿಶ್ವವಿಜ್ಞಾನದ್ದು. ವಿಶ್ವದಲ್ಲಿ ತುಂಬಿರುವ, ನ್ಯೂಟ್ರಿನೊ ಎಂಬ ಅತಿ ಹಗುರ ಕಣಗಳ ತೂಕ ಒಂದು ಮಿತಿಗಿಂತ ಹೆಚ್ಚಾಗಿದ್ದರೆ ವಿಶ್ವದ ಹಿಗ್ಗುವಿಕೆ ಈಗ ಕಾಣುವ ರೀತಿ ಇರುತ್ತಿರಲಿಲ್ಲ ಎಂಬ ತರ್ಕವನ್ನು 1972ರಲ್ಲಿ ಅವರು ತಮ್ಮ ಗುರು, ಹಂಗೇರಿಯ ಭೌತವಿಜ್ಞಾನಿ ಗ್ಯೋರ್ಗ್ ಮಾರ್ಕ್ಸ್ ಜೊತೆ ಮಂಡಿಸಿದರು. ಅದೇ ವರ್ಷ ಅದೇ ಪ್ರಶ್ನೆಯ ಮೇಲೆ ಪ್ರಬಂಧ ಪ್ರಕಟಿಸಿದವರಲ್ಲಿ ರಾಮನಾಥ ಕೌಶಿಕ್ ಒಬ್ಬರು. ಮೈಸೂರು ವಿಶ್ವವಿದ್ಯಾಲಯದಲ್ಲಿ, ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿದ ಅವರು ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾಗಿ ಲಡಾಖಿನ ಹಾನ್ಲೆಯಲ್ಲಿ ವೀಕ್ಷಣಾಲಯ ಕಟ್ಟಿಸಿದರು.

ಸಲಾಯ್ ಅವರ ಬದುಕಿನಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಬೇರೊಂದು ಎಳೆ. ಗ್ಯಾಲಕ್ಸಿಗಳು ಎಷ್ಟು ಗುಂಪುಗೂಡಿವೆ ಎಂದು ಅಳೆಯಲು ಖಗೋಳ ವಿಜ್ಞಾನಿಗಳು ಜೋಡಿಗಳನ್ನು ಎಣಿಸುತ್ತಾರೆ. ಇಂತಿಷ್ಟು ದೂರದಲ್ಲಿರುವ ಜೋಡಿಗಳೆಷ್ಟು, ಗ್ಯಾಲಕ್ಸಿಗಳನ್ನು ಮನಬಂದಂತೆ ಚೆಲ್ಲಿದ್ದರೆ ಎಷ್ಟಿರುತ್ತಿದ್ದವು? ತೊಂದರೆ ಅಂಚುಗಳದ್ದು. ಸಮೀಕ್ಷೆಯ ಗಡಿ ಅಂಕುಡೊಂಕು; ಅಂಚಿನ ಗ್ಯಾಲಕ್ಸಿಯ ಜೋಡಿ ಗಡಿಯಾಚೆ ಇದ್ದರೆ ಅದು ಎಣಿಕೆಗೆ ಸಿಗುವುದಿಲ್ಲ. 1993ರಲ್ಲಿ ಸ್ಟೀಫನ್ ಲ್ಯಾಂಡಿ ಮತ್ತು ಸಲಾಯ್ ಇದಕ್ಕೊಂದು ಸೂತ್ರ ಕೊಟ್ಟರು. ಅದೇ ಅಂಕುಡೊಂಕು ಗಡಿಯೊಳಗೆ ಯಾದೃಚ್ಛಿಕ ಬಿಂದುಗಳನ್ನು ಚೆಲ್ಲಬೇಕು. ಗ್ಯಾಲಕ್ಸಿ-ಗ್ಯಾಲಕ್ಸಿ ಜೋಡಿಗಳಿಂದ ಗ್ಯಾಲಕ್ಸಿ-ಬಿಂದು ಜೋಡಿಗಳ ಎರಡರಷ್ಟನ್ನು ಕಳೆದು, ಬಿಂದು-ಬಿಂದು ಜೋಡಿಗಳನ್ನು ಕೂಡಿಸಿ, ಬಂದದ್ದನ್ನು ಬಿಂದು-ಬಿಂದು ಜೋಡಿಗಳಿಂದ ಭಾಗಿಸಬೇಕು. ಬಿಂದುಗಳ ಸಂಖ್ಯೆ ಬೇರೆಯಿದ್ದರೆ ಮೊದಲು ಸರಿದೂಗಿಸಿಕೊಳ್ಳಬೇಕು. ಒಂದು ಸಾಲಿನ ಸೂತ್ರ, ಆದರೆ ಅಂಚಿನ ದೋಷವನ್ನು ಬಹಳಷ್ಟು ತೊಡೆಯುತ್ತದೆ.

2005ರಲ್ಲಿ ಡೇನಿಯಲ್ ಐಸೆನ್‌ಸ್ಟೈನ್ ಮತ್ತು ಸಂಗಡಿಗರು ಸ್ಲೋನ್ ಸಮೀಕ್ಷೆಯ 46,748 ಕೆಂಪು ಗ್ಯಾಲಕ್ಸಿಗಳನ್ನು ತೆಗೆದುಕೊಂಡು ಇದೇ ಸೂತ್ರವನ್ನು ಬಳಸಿದರು. ಅಷ್ಟು ಗ್ಯಾಲಕ್ಸಿಗಳಲ್ಲಿ ಸುಮಾರು 109 ಕೋಟಿ ಜೋಡಿಗಳಾಗುತ್ತವೆ. ಎಣಿಸಿ ನೋಡಿದಾಗ ಸುಮಾರು 50 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಜೋಡಿಗಳು ನಿರೀಕ್ಷೆಗಿಂತ ತುಸು ಹೆಚ್ಚಾಗಿದ್ದವು. ವಿಶ್ವ ಇನ್ನೂ ಕುದಿಯುವ ಪ್ಲಾಸ್ಮಾ ಆಗಿದ್ದಾಗ ಅದರಲ್ಲಿ ಹರಡಿದ ಧ್ವನಿ ತರಂಗಗಳ ಗುರುತು ಅದು. ಸಿದ್ಧಾಂತ ಹೇಳಿದ್ದ ದೂರದಲ್ಲೇ ಸಿಕ್ಕಿತು. ಸೂತ್ರ ಕಟ್ಟಿದ ತಲೆ, ಸಮೀಕ್ಷೆಯ ಡೇಟಾಬೇಸ್ ಕಟ್ಟಿದ ತಲೆ ಒಂದೇ ಆಗಿದ್ದದ್ದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ಯಾವ ಎಣಿಕೆ ಬೇಕಾಗುತ್ತದೆ ಎಂದು ತಿಳಿದವರೇ ಎಣಿಸಲು ಬರುವಂತೆ ದತ್ತಾಂಶವನ್ನು ಜೋಡಿಸಬಲ್ಲರು.

ಗ್ರೇ ಖಗೋಳ ದತ್ತಾಂಶವನ್ನು ಇಷ್ಟಪಟ್ಟದ್ದಕ್ಕೆ ಕಾರಣಗಳಿದ್ದವು. ಅದಕ್ಕೆ ಮಾರುಕಟ್ಟೆ ಬೆಲೆಯಿಲ್ಲ, ಯಾರ ಖಾಸಗಿ ಗುಟ್ಟೂ ಅದರಲ್ಲಿಲ್ಲ, ಆದ್ದರಿಂದ ಯಾರಿಗೆ ಬೇಕಾದರೂ ಕೊಡಬಹುದು. ಆ ಉದಾರತೆ ಫಲ ಕೊಟ್ಟಿತು. 2007ರ ಜುಲೈನಲ್ಲಿ ಶುರುವಾದ ಗ್ಯಾಲಕ್ಸಿ ಝೂ ಯೋಜನೆಯಲ್ಲಿ ಸಾಮಾನ್ಯ ಜನ ಸ್ಲೋನ್ ಚಿತ್ರಗಳನ್ನು ನೋಡಿ ಗ್ಯಾಲಕ್ಸಿಗಳ ಆಕಾರವನ್ನು ವಿಂಗಡಿಸಿದರು. ಹ್ಯಾನಿ ಫಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ ಅಲ್ಲಿ ಕಂಡ ಹೊಳೆಯುವ ಅನಿಲದ ಮೋಡ ಇಂದು ಅವರ ಹೆಸರಿನಲ್ಲೇ ಇದೆ. ಗ್ರೇ ಅದನ್ನು ನೋಡಲಿಲ್ಲ. ಅದೇ ವರ್ಷದ ಜನವರಿ 28ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೊರಟವರು ಮರಳಲಿಲ್ಲ. ಸಾವಿರಾರು ಜನ ಉಪಗ್ರಹ ಚಿತ್ರಗಳ ತುಣುಕುಗಳನ್ನು ಹಂಚಿಕೊಂಡು ಸಾಗರವನ್ನು ಹುಡುಕಿದರೂ ದೋಣಿಯ ಸುಳಿವು ಸಿಗಲಿಲ್ಲ.

ಈ ಹಾದಿ ಹಿಡಿಯುವವರಿಗೆ ಒಂದು ಕಷ್ಟವನ್ನು ಮುಚ್ಚಿಡಬಾರದು. ವಿಶ್ವವಿದ್ಯಾಲಯಗಳ ನೇಮಕಾತಿಯಲ್ಲಿ ಪ್ರಬಂಧಗಳನ್ನು ಎಣಿಸುವ ರೂಢಿ ಗಟ್ಟಿಯಾಗಿದೆ. ತಂತ್ರಾಂಶ ಕಟ್ಟಿದ ವರ್ಷಗಳು ಆ ಎಣಿಕೆಯಲ್ಲಿ ಸುಲಭವಾಗಿ ಕಾಣೆಯಾಗುತ್ತವೆ. ಸಲಾಯ್ ಡೇಟಾಬೇಸಿಗೆ ಕೈ ಹಾಕುವ ಹೊತ್ತಿಗೆ ಸಿದ್ಧಾಂತದಲ್ಲಿ ಹೆಸರು ಮಾಡಿದ್ದರು. ಇಪ್ಪತ್ತೆಂಟರ ಸಂಶೋಧಕಿಗೆ ಆ ಆಸರೆ ಇರುವುದಿಲ್ಲ. ಸ್ಲೋನ್ ಸಮೀಕ್ಷೆ ಇದಕ್ಕೊಂದು ನ್ಯಾಯವಾದ ದಾರಿ ಮಾಡಿತು: ಉಪಕರಣ, ತಂತ್ರಾಂಶಗಳಂಥ ಬುನಾದಿ ಕೆಲಸಕ್ಕೆ ದೀರ್ಘಕಾಲ ದುಡಿದವರನ್ನು ‘ಬಿಲ್ಡರ್’ ಎಂದು ಗುರುತಿಸಿ, ಸಮೀಕ್ಷೆಯ ಪ್ರಬಂಧಗಳಲ್ಲಿ ಲೇಖಕರಾಗುವ ಹಕ್ಕು ಕೊಟ್ಟಿತು. ಇಂಥ ನಿಯಮ ನಮ್ಮ ಸಂಸ್ಥೆಗಳಲ್ಲೂ ಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದ 3,200 ಮೆಗಾಪಿಕ್ಸೆಲ್ ಕ್ಯಾಮೆರಾ ರಾತ್ರಿಯೊಂದಕ್ಕೆ 20 ಟೆರಾಬೈಟ್‌ನಷ್ಟು ದತ್ತಾಂಶ ತೆಗೆಯಲೆಂದೇ ಕಟ್ಟಿದ್ದು. ಅದನ್ನು ಜೋಡಿಸುವವರು ಎರಡನೆಯ ದರ್ಜೆಯ ವಿಜ್ಞಾನಿಗಳಾದರೆ ಕೆಲಸ ನಡೆಯುವುದಿಲ್ಲ.

ಶುರು ಮಾಡಲು ಯಾರ ಅನುಮತಿಯೂ ಬೇಕಿಲ್ಲ. 2015ರಲ್ಲಿ ಹಾರಿದ, ಭಾರತದ ಖಗೋಳ ವೀಕ್ಷಣೆಯ ಆಸ್ಟ್ರೋಸ್ಯಾಟ್ ಉಪಗ್ರಹದ ದತ್ತಾಂಶ ಬೆಂಗಳೂರಿನ ಬಳಿಯ ಬ್ಯಾಲಾಳುವಿನ ಇಸ್ರೋ ಕೇಂದ್ರದ ಭಂಡಾರದಲ್ಲಿದೆ. ನಿಗದಿತ ಅವಧಿ ಕಳೆದ ಮೇಲೆ ಅದು ಎಲ್ಲರಿಗೂ ಸಿಗುತ್ತದೆ. ಗ್ರೇ ಮತ್ತು ಸಲಾಯ್ ಕಟ್ಟಿದ, ಸ್ಲೋನ್ ದತ್ತಾಂಶದ ಸ್ಕೈಸರ್ವರ್ ಜಾಲತಾಣ ಇಂದಿಗೂ ತೆರೆದೇ ಇದೆ. ಅಲ್ಲಿ ಕೆಲವು ಸಾವಿರ ಗ್ಯಾಲಕ್ಸಿಗಳ ಅತಿನೇರಳೆ ಬದಿಯ ಪ್ರಭೆ ಮತ್ತು ಕೆಂಪು ಬದಿಯ ಪ್ರಭೆಯನ್ನು ಮ್ಯಾಗ್ನಿಟ್ಯೂಡ್ ಎಂಬ ಖಗೋಳ ಅಳತೆಯಲ್ಲಿ ಕೇಳಿ ತರಿಸಿಕೊಳ್ಳಿ, ಮೊದಲನೆಯದರಿಂದ ಎರಡನೆಯದನ್ನು ಕಳೆದು, ಯಾವ ವ್ಯತ್ಯಾಸಕ್ಕೆ ಎಷ್ಟು ಗ್ಯಾಲಕ್ಸಿಗಳೆಂದು ನಕ್ಷೆ ಬರೆಯಿರಿ. ಒಂದು ಗುಡ್ಡದ ಬದಲು ಎರಡು ಗುಡ್ಡಗಳು ಮೂಡುತ್ತವೆ. ಒಂದು, ಹೊಸ ನಕ್ಷತ್ರಗಳು ಹುಟ್ಟುತ್ತಿರುವ ನೀಲಿ ಗ್ಯಾಲಕ್ಸಿಗಳದ್ದು. ಇನ್ನೊಂದು, ಆ ಹುಟ್ಟು ಹೆಚ್ಚುಕಡಿಮೆ ನಿಂತುಹೋದ ಕೆಂಪು ಗ್ಯಾಲಕ್ಸಿಗಳದ್ದು. 2001ರಲ್ಲಿ ಇಸ್ಕ್ರಾ ಸ್ಟ್ರಾಟೆವಾ ಮತ್ತು ಸಂಗಡಿಗರು ಇದೇ ದತ್ತಾಂಶದಲ್ಲಿ ಎರಡರ ನಡುವಿನ ಗೆರೆಯನ್ನು 2.22 ಎಂದು ಗುರುತಿಸಿದರು. ನಡುವಿನ ತಗ್ಗಿನಲ್ಲಿ ಗ್ಯಾಲಕ್ಸಿಗಳು ಅಷ್ಟು ಕಡಿಮೆ ಏಕೆ, ನಕ್ಷತ್ರಗಳ ಹುಟ್ಟನ್ನು ನಿಲ್ಲಿಸುವುದು ನಡುವಿನ ಕಪ್ಪುಕುಳಿಯೋ, ನೆರೆಯ ಗ್ಯಾಲಕ್ಸಿಗಳ ಸೆಳೆತವೋ, ಅನಿಲ ಬರಿದಾಗುವುದೋ ಎಂಬ ವಾದ ಇಂದಿಗೂ ನಡೆದಿದೆ.