ಸಂಜೆ ಕೈ ಸುಡುವ ಸೋಲಾರ್ ನೀರು ಬೆಳಗ್ಗೆ ತಣ್ಣಗಾಗುವುದೇಕೆ?

ಹಿಂದಿನ ದಿನ ಪೂರ್ತಿ ಬಿಸಿಲಿತ್ತು. ಸಂಜೆ ನಲ್ಲಿ ತಿರುಗಿಸಿದಾಗ ಕೈ ಸುಡುವಷ್ಟು ಬಿಸಿನೀರು ಬಂದಿತ್ತು. ಬೆಳಗ್ಗೆ ಆರಕ್ಕೆ ನೋಡಿದರೆ ಉಗುರುಬೆಚ್ಚಗೂ ಇಲ್ಲ. ಇಂಥ ಮನೆಗಳಲ್ಲಿ ಮೊದಲು ಗುಮಾನಿ ಬೀಳುವುದು ಟೆರೇಸಿನಲ್ಲಿ ಬಿಸಿಲು ಹೀರಿ ನೀರು ಕಾಯಿಸುವ ಗಾಜಿನ ಟ್ಯೂಬುಗಳ ಮೇಲೆ. ಯಾರೋ ಬಂದು ಟ್ಯೂಬ್ ಹಳೆಯದಾಯಿತು ಎನ್ನುತ್ತಾರೆ, ದುಡ್ಡು ಖರ್ಚಾಗುತ್ತದೆ, ಮಾರನೇ ದಿನ ಮತ್ತೆ ಅದೇ ತಣ್ಣೀರು. ಸಂಜೆ ನೀರು ಸುಡುತ್ತಿತ್ತು ಎಂದಮೇಲೆ ಟ್ಯೂಬುಗಳು ತಮ್ಮ ಕೆಲಸ ಮಾಡಿವೆ. ಕಾದ ನೀರು ರಾತ್ರಿಯೊಳಗೆ ಎಲ್ಲಿಗೆ ಹೋಯಿತು ಎಂದು ಹುಡುಕಬೇಕು. ಹೆಚ್ಚಿನ ಸಲ ಅದರ ಜಾಡು ಸಿಗುವುದು ಬಚ್ಚಲುಮನೆಯಲ್ಲಿ.

ಮೊದಲು ಲೆಕ್ಕ. 100 ಎಲ್‌ಪಿಡಿ ಎಂದರೆ ಒಳ್ಳೆಯ ಬಿಸಿಲಿನ ದಿನ 100 ಲೀಟರ್ ನೀರನ್ನು ಸುಮಾರು 60 ಡಿಗ್ರಿಗೆ ಕಾಯಿಸುವ ಸಾಮರ್ಥ್ಯ. ಸ್ನಾನಕ್ಕೆ ಬೇಕಾದ್ದು 40 ಡಿಗ್ರಿ. ತಣ್ಣೀರು 22 ಡಿಗ್ರಿ ಇದ್ದರೆ 20 ಲೀಟರಿನ ಬಕೆಟ್ಟಿಗೆ ಒಂಬತ್ತೂವರೆ ಲೀಟರ್ ಬಿಸಿನೀರು ಸಾಕು. ಹಾಗಾಗಿ 100 ಲೀಟರ್ ಟ್ಯಾಂಕಿನಿಂದ ಹತ್ತು ಬಕೆಟ್ ಹದವಾದ ನೀರು ಸಿಗಬೇಕು. ಅದೇ ಮನೆಯಲ್ಲಿ ಶವರ್ ಇದ್ದು, ನಿಮಿಷಕ್ಕೆ 10 ಲೀಟರಿನಂತೆ ಒಬ್ಬರು ಹತ್ತು ನಿಮಿಷ ನಿಂತರೆ ಐದು ಬಕೆಟ್ ಮುಗಿಯಿತು. ಇಬ್ಬರು ಮಿಂದ ಮೇಲೆ ಮೂರನೆಯವರಿಗೆ ತಣ್ಣೀರು ಬಂದರೆ ಅದು ದೋಷವಲ್ಲ, ಟ್ಯಾಂಕ್ ಸಾಲದು ಅಷ್ಟೆ. ಬೆಳಗಿನ ಮೊದಲ ಸ್ನಾನಕ್ಕೇ ತಣ್ಣಗಿದ್ದರೆ ಮುಂದೆ ಓದಿ.

ಬಿಸಿ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಒಂದು ರಾತ್ರಿ ಸಾಕು. ಸಂಜೆ ಆರಕ್ಕೆ ಟ್ಯಾಂಕಿಗೆ ಹತ್ತಿರದ ನಲ್ಲಿಯಲ್ಲಿ ನೀರು ಹಿಡಿದು ಥರ್ಮಾಮೀಟರ್ ಇಟ್ಟು ಅಂಕಿ ಬರೆದುಕೊಳ್ಳಿ. ಸೋಲಾರ್ ಟ್ಯಾಂಕಿಗೆ ಗಾಳಿ ಆಡಲೆಂದು ಮೇಲಕ್ಕೆ ನಿಲ್ಲಿಸಿದ ಏರ್ ವೆಂಟ್ ಪೈಪಿನ ಬಾಯಿ ತೆರೆದಿದೆ ಎಂದು ಖಾತ್ರಿ ಮಾಡಿಕೊಂಡು, ಟ್ಯಾಂಕಿನಿಂದ ಮನೆಗೆ ಇಳಿಯುವ ಬಿಸಿನೀರಿನ ಗೇಟ್ ವಾಲ್ವ್ ಮುಚ್ಚಿಬಿಡಿ. ಬೆಳಗ್ಗೆ ವಾಲ್ವ್ ತೆರೆದು, ಪೈಪಿನಲ್ಲಿ ನಿಂತ ತಣ್ಣೀರು ಹೋಗುವವರೆಗೆ ಬಿಟ್ಟು, ಅದೇ ನಲ್ಲಿಯಲ್ಲಿ ಮತ್ತೆ ಅಳೆಯಿರಿ. ಇಳಿಕೆ ಹತ್ತು ಡಿಗ್ರಿಯೊಳಗಿದ್ದರೆ ಟ್ಯಾಂಕು, ಟ್ಯೂಬು ಎರಡೂ ಆರೋಗ್ಯವಾಗಿವೆ, ಬಿಸಿ ಕಳೆದುಹೋಗುತ್ತಿರುವುದು ಮನೆಯೊಳಗಿನ ಪೈಪಿನಲ್ಲಿ. ವಾಲ್ವ್ ಮುಚ್ಚಿಯೂ ತಣ್ಣಗಾಗಿದ್ದರೆ ಟ್ಯಾಂಕಿನ ಸುತ್ತ ಬಿಸಿ ಹಿಡಿದಿಡುವ ಪಫ್ (ಫೋಮ್) ಪದರ ನೆನೆದಿದೆ, ಇಲ್ಲವೇ ತಣ್ಣೀರಿನ ಲೈನಿನ ಕಡೆಯಿಂದ ಬಿಸಿನೀರು ಹಿಂದಕ್ಕೆ ಹೋಗುತ್ತಿದೆ.

ಮನೆಯೊಳಗಿನ ಕಳ್ಳ ಸಾಮಾನ್ಯವಾಗಿ ಮಿಕ್ಸರ್. ಮಿಕ್ಸರಿನಲ್ಲಿ ಬಿಸಿ ಲೈನು, ತಣ್ಣೀರ ಲೈನು ಒಂದೇ ಹೊಟ್ಟೆಯಲ್ಲಿ ಸೇರುತ್ತವೆ. ಎರಡೂ ನಾಬ್ ತೆರೆದಿಟ್ಟು, ಮುಂದಿರುವ ಹ್ಯಾಂಡ್ ಶವರಿನ ಗುಂಡಿಯಿಂದ ನೀರು ನಿಲ್ಲಿಸುವ ಅಭ್ಯಾಸ ಅನೇಕರಿಗಿದೆ. ಹೊರಗೆ ಹನಿ ನೀರೂ ಬೀಳುತ್ತಿಲ್ಲ, ಆದರೆ ಒಳಗೆ ಎರಡು ಲೈನುಗಳ ನಡುವಿನ ಬಾಗಿಲು ತೆರೆದೇ ಇದೆ. ಯಾರೋ ಫ್ಲಶ್ ಎಳೆದರೆ ತಣ್ಣೀರ ಲೈನಿನ ಒತ್ತಡ ಕುಸಿದು ಬಿಸಿನೀರು ಆ ಕಡೆ ಹರಿಯುತ್ತದೆ. ಫ್ಲಶ್ ಟ್ಯಾಂಕಿನ ನೀರು ಬೆಚ್ಚಗಿದ್ದರೆ ಇದೇ ಕಾರಣ. ಸಿಂಗಲ್ ಲಿವರ್ ಮಿಕ್ಸರುಗಳಲ್ಲಿ ಒಳಗಿನ ಕಾರ್ಟ್ರಿಜ್ ಸವೆದರೆ, ಲಿವರ್ ಪೂರ್ತಿ ಮುಚ್ಚಿದ್ದರೂ ಈ ಅದಲುಬದಲು ನಡೆಯುತ್ತಲೇ ಇರುತ್ತದೆ.

ಶವರ್ ಜೋರಾಗಿ ಬರಲೆಂದು ತಣ್ಣೀರ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿಸಿದ ಮನೆಗಳಲ್ಲಿ ಕಥೆ ಇನ್ನೂ ಕೆಡುತ್ತದೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಟೆರೇಸಿನಿಂದ ಮೇಲಿನ ಮಹಡಿಯ ಬಚ್ಚಲಿಗೆ ಇಳಿಯುವ ಬಿಸಿನೀರಿಗೆ ಅರ್ಧ ಬಾರ್ ಸಿಗುವುದೂ ಕಷ್ಟ. ಪಂಪಿನ ಒತ್ತಡ ಅದರ ಮೂರು ನಾಲ್ಕು ಪಟ್ಟು. ಮಿಕ್ಸರ್ ತೆರೆದ ಕೂಡಲೇ ತಣ್ಣೀರು ಬಿಸಿನೀರಿನ ಪೈಪಿನೊಳಗೆ ನುಗ್ಗಿ, ಸೋಲಾರ್ ಟ್ಯಾಂಕಿನವರೆಗೂ ಏರಿ, ಏರ್ ವೆಂಟಿನಿಂದ ಟೆರೇಸಿಗೆ ಸುರಿಯುತ್ತದೆ. ಓವರ್‌ಹೆಡ್ ಟ್ಯಾಂಕ್ ಅರ್ಧವೂ ತುಂಬಿಲ್ಲ, ಆದರೂ ವೆಂಟಿನಿಂದ ನೀರು ಬೀಳುತ್ತಿದೆ ಎಂದರೆ ಬೇರೆ ಪರೀಕ್ಷೆಯೇ ಬೇಡ.

ಅನುಮಾನವಿದ್ದರೆ ಹೀಗೆ ಮಾಡಿ. ಟೆರೇಸಿನಲ್ಲಿ ಸೋಲಾರಿಗೆ ಬರುವ ತಣ್ಣೀರಿನ ವಾಲ್ವ್ ಮುಚ್ಚಿ, ಒಂದು ಬಚ್ಚಲಿನಲ್ಲಿ ಬಿಸಿನೀರಿನ ನಲ್ಲಿಯನ್ನಷ್ಟೇ ತೆರೆಯಿರಿ. ಪೈಪಿನಲ್ಲಿದ್ದ ನೀರು ಇಳಿದು ಧಾರೆ ಸಣ್ಣದಾಗಿ ನಿಲ್ಲಬೇಕು. ನಿಲ್ಲದೆ ತಣ್ಣೀರು ಬರುತ್ತಲೇ ಇದ್ದರೆ ಯಾವುದೋ ಮಿಕ್ಸರಿನಲ್ಲಿ ಬಾಗಿಲು ತೆರೆದಿದೆ. ಒಂದೊಂದೇ ಮಿಕ್ಸರಿಗೆ ನೀರು ನಿಲ್ಲಿಸುವ ಸಣ್ಣ ಆ್ಯಂಗಲ್ ವಾಲ್ವ್ ಮುಚ್ಚುತ್ತಾ ಹೋಗಿ, ಯಾವುದನ್ನು ಮುಚ್ಚಿದಾಗ ಧಾರೆ ನಿಲ್ಲುತ್ತದೋ ಅದೇ ಅಪರಾಧಿ. ಪರೀಕ್ಷೆ ಮುಗಿದ ಕೂಡಲೇ ಟೆರೇಸಿನ ವಾಲ್ವ್ ತೆರೆಯಲು ಮರೆಯಬೇಡಿ.

ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ಪ್ರತಿ ಮಿಕ್ಸರಿನ ಬಿಸಿನೀರಿನ ಕಡೆ ಒಂದು, ತಣ್ಣೀರಿನ ಕಡೆ ಒಂದು ನಾನ್ ರಿಟರ್ನ್ ವಾಲ್ವ್, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಬೇಕು. ಗಟ್ಟಿ ಸ್ಪ್ರಿಂಗಿನದು ಬೇಡ, ಗ್ರಾವಿಟಿಯ ಸಣ್ಣ ಒತ್ತಡಕ್ಕೆ ಅದು ಸರಿಯಾಗಿ ತೆರೆಯದೆ ಧಾರೆ ಬಡವಾಗುತ್ತದೆ. ಹಿತ್ತಾಳೆಯ ಸ್ವಿಂಗ್ ಮಾದರಿಯದನ್ನು ಅಡ್ಡ ಪೈಪಿನಲ್ಲಿ, ಮೈಮೇಲಿನ ಬಾಣದ ಗುರುತು ಮಿಕ್ಸರಿನ ಕಡೆ ಇರುವಂತೆ ಕೂರಿಸಬೇಕು. ಪಂಪ್ ಬೇಕೇ ಬೇಕೆಂದರೆ ಎರಡೂ ಲೈನಿಗೆ ಸಮಾನ ಒತ್ತಡ ಕೊಡುವ ಏರ್ಪಾಡು ಮಾಡಿಸಿ. ಆಗ ಸೋಲಾರ್ ಟ್ಯಾಂಕಿಗೂ ಪಂಪಿನ ಒತ್ತಡ ಬೀಳುವುದಾದರೆ ಅದು ಪ್ರೆಷರೈಸ್ಡ್ ಮಾದರಿಯೇ ಆಗಿರಬೇಕು. ವೆಂಟ್ ಇರುವ ಸಾದಾ ಟ್ಯಾಂಕ್ ಆ ಒತ್ತಡಕ್ಕೆ ಮಾಡಿದ್ದಲ್ಲ.

ಟೆರೇಸಿನಲ್ಲಿ ಮೂರು ಸಂಗತಿ ನೋಡಿ. ಓವರ್‌ಹೆಡ್ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಒಂದಡಿಯಾದರೂ ಮೇಲಿರಬೇಕು. ಸೋಲಾರಿಗೆ ಹೋಗುವ ತಣ್ಣೀರಿನ ಪೈಪು ಓವರ್‌ಹೆಡ್ ಟ್ಯಾಂಕಿನಿಂದ ಪ್ರತ್ಯೇಕವಾಗಿ ಹೊರಡಬೇಕು. ಬಚ್ಚಲಿನ ತಣ್ಣೀರ ಲೈನಿಗೆ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಅದರಿಂದಲೇ ಕೊಟ್ಟಿದ್ದರೆ, ಕೆಳಗೆ ದೊಡ್ಡ ನಲ್ಲಿ ತೆರೆದಾಗಲೆಲ್ಲ ಸೋಲಾರ್ ಟ್ಯಾಂಕಿನ ನೀರು ಹಿಂದಕ್ಕೆಳೆದುಕೊಳ್ಳುತ್ತದೆ. ಟ್ಯಾಂಕಿಗೆ ಸೇರುವ ಕೊನೆಯ ಒಂದೆರಡು ಮೀಟರ್ ತಣ್ಣೀರ ಪೈಪು ಕೂಡ ಬಿಸಿ ತಾಳುವ ಸಿಪಿವಿಸಿಯದೇ ಇರಲಿ, ಅಲ್ಲಿಗೂ ಬಿಸಿ ಹಿಮ್ಮೆಟ್ಟುವುದರಿಂದ ಸಾಮಾನ್ಯ ಪಿವಿಸಿ ಮೆತ್ತಗಾಗಿ ಜೋತುಬೀಳುತ್ತದೆ.

ಮೂರನೆಯದು ಏರ್ ವೆಂಟ್. ಅದರ ಬಾಯಿ ಓವರ್‌ಹೆಡ್ ಟ್ಯಾಂಕಿನ ತುಂಬಿದ ಮಟ್ಟಕ್ಕಿಂತ ಒಂದೆರಡು ಅಡಿ ಮೇಲಿರಬೇಕು ಮತ್ತು ಎಂದೆಂದಿಗೂ ತೆರೆದಿರಬೇಕು. ನೀರು ತೊಟ್ಟಿಕ್ಕುತ್ತದೆಂದು ಅದಕ್ಕೆ ಕ್ಯಾಪ್ ಹಾಕುವುದು ಈ ಇಡೀ ವ್ಯವಸ್ಥೆಯಲ್ಲಿ ಮಾಡಬಹುದಾದ ಅತ್ಯಂತ ಕೆಟ್ಟ ಕೆಲಸ. ಕಾದ ನೀರು ಹಿಗ್ಗಿದಾಗ ಟ್ಯಾಂಕ್ ಉಬ್ಬುತ್ತದೆ. ಕೆಳಗೆ ನೀರು ಬಿಟ್ಟಾಗ ಒಳಗೆ ಗಾಳಿ ಬರಲು ದಾರಿಯಿಲ್ಲದೆ ಟ್ಯಾಂಕಿನ ಒಳಮೈ ಡಬ್ಬಿ ಹಿಸುಕಿದಂತೆ ಒಳಗೆ ಕುಸಿಯುತ್ತದೆ. ಹಾಗೆ ಕುಸಿದ ಟ್ಯಾಂಕನ್ನು ರಿಪೇರಿ ಮಾಡಲಾಗದು.

ನಲ್ಲಿ ತಿರುಗಿಸಿದ ಮೇಲೆ ಅರ್ಧ ಬಕೆಟ್ ತಣ್ಣೀರು ಬರುವುದು ಬೇರೆ ವಿಷಯ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರಿಗಿಂತ ತುಸು ಹೆಚ್ಚು ನೀರು ನಿಂತಿರುತ್ತದೆ, 20 ಮೀಟರಿಗೆ ಐದಾರು ಲೀಟರ್. ಒಂದಿಂಚಿನ ಪೈಪಾದರೆ ಹತ್ತಿರ ಹತ್ತು ಲೀಟರ್. ಹೊಸ ಮನೆ ಕಟ್ಟುವವರು ಬಚ್ಚಲುಗಳನ್ನು ಒಂದರ ಕೆಳಗೊಂದು ಇಟ್ಟು, ಸೋಲಾರನ್ನು ಅವುಗಳ ನೇರಕ್ಕೆ ಕೂರಿಸಿದರೆ ಈ ನಷ್ಟ ಅರ್ಧಕ್ಕರ್ಧ ಇಳಿಯುತ್ತದೆ.

ಈಗ ಟ್ಯೂಬಿಗೆ ಬರೋಣ. ಸಂಜೆಯೂ ನೀರು ಬಿಸಿಯಾಗದಿದ್ದರೆ ಮಾತ್ರ ಅದರ ಸರದಿ. ಟ್ಯೂಬಿನ ಕೆಳತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಪಟ್ಟಿ ಕಾಣುತ್ತದೆ, ಬೇರಿಯಂ ಲೇಪ. ಎರಡು ಗಾಜಿನ ನಡುವಿನ ನಿರ್ವಾತ ಹೋದರೆ ಅದು ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಬೆಳ್ಳಗಾದ ಟ್ಯೂಬನ್ನು ಬದಲಾಯಿಸಲೇಬೇಕು, ಮಿಕ್ಕವನ್ನು ಮುಟ್ಟಬೇಕಿಲ್ಲ. ಬೆಳ್ಳಿ ಹಾಗೇ ಇದ್ದರೆ ಟ್ಯೂಬಿನೊಳಗೆ ಸುಣ್ಣ ಕಟ್ಟಿದೆಯೋ ನೋಡಬೇಕು.

ಬೋರ್‌ವೆಲ್ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕಾರ್ಬೊನೇಟಾಗಿ ಗಟ್ಟಿಯಾಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ (ಬಿಐಎಸ್) ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 600ರವರೆಗೆ. ನಿಮ್ಮದು 400 ಎಂದಿಟ್ಟುಕೊಳ್ಳಿ. ದಿನಕ್ಕೆ 100 ಲೀಟರ್ ಹಾದರೆ 40 ಗ್ರಾಂ. ಅದರಲ್ಲಿ ಹತ್ತನೇ ಒಂದು ಪಾಲು ಒಳಗೆ ಉಳಿದರೂ ವರ್ಷಕ್ಕೆ ಒಂದೂವರೆ ಕಿಲೋ ಸುಣ್ಣ. ಟ್ಯೂಬಿನ ತಳ ಮುಚ್ಚಿರುವುದರಿಂದ ಉದುರಿದ ಹರಳೆಲ್ಲ ಅಲ್ಲೇ ಕೂರುತ್ತದೆ. ಮನೆಯಲ್ಲಿ ಕಾವೇರಿಗೊಂದು, ಬೋರಿಗೊಂದು ಟ್ಯಾಂಕ್ ಇದ್ದರೆ ಸೋಲಾರಿಗೆ ಕಾವೇರಿ ನೀರನ್ನೇ ಕೊಡಿ. ಇದಕ್ಕಿಂತ ಅಗ್ಗದ ಮದ್ದು ಇಲ್ಲ.

ಶುಚಿ ಮಾಡುವುದಾದರೆ ಸೂರ್ಯ ಹುಟ್ಟುವ ಮೊದಲೇ ಶುರುಮಾಡಿ. ತಣ್ಣೀರ ವಾಲ್ವ್ ಮುಚ್ಚಿ, ಡ್ರೇನ್ ತೆರೆದು ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಖಾಲಿ ಮಾಡದೆ ಟ್ಯೂಬ್ ಎಳೆದರೆ ಟ್ಯಾಂಕಿನ ಬಿಸಿನೀರೆಲ್ಲ ಮೈಮೇಲೆ ಬೀಳುತ್ತದೆ. ಕೆಳಗಿನ ಕಪ್ ಬಿಚ್ಚಿ, ಟ್ಯೂಬನ್ನು ಸ್ವಲ್ಪ ಮೇಲಕ್ಕೆ ತಳ್ಳಿ, ಕೆಳತುದಿಯನ್ನು ಫ್ರೇಮಿನಿಂದ ಹೊರತಂದು, ನಿಧಾನಕ್ಕೆ ತಿರುಗಿಸುತ್ತಾ ಕೆಳಗೆಳೆಯಿರಿ. 58 ಮಿಲಿಮೀಟರ್ ದಪ್ಪ, 1800 ಮಿಲಿಮೀಟರ್ ಉದ್ದದ ಟ್ಯೂಬಿನಲ್ಲಿ ಎರಡೂವರೆ ಲೀಟರಿಗೂ ಹೆಚ್ಚು ನೀರಿರುತ್ತದೆ, ಒಬ್ಬರು ಹಿಡಿದುಕೊಳ್ಳಲು ಬೇಕು. ಲೀಟರಿಗೆ 50 ಗ್ರಾಂ ಸಿಟ್ರಿಕ್ ಆ್ಯಸಿಡ್ ಕರಗಿಸಿದ ನೀರನ್ನು ತುಂಬಿ, ನೆರಳಿನಲ್ಲಿ ಎರಡು ಗಂಟೆ ನಿಲ್ಲಿಸಿ. ನೊರೆ ನಿಂತ ಮೇಲೆ ಉದ್ದ ಹಿಡಿಯ ಮೆತ್ತನೆ ಬ್ರಷ್ ಆಡಿಸಿ ತೊಳೆಯಿರಿ. ಬಚ್ಚಲು ತೊಳೆಯುವ ಆ್ಯಸಿಡನ್ನು ಹತ್ತಿರ ತರಬೇಡಿ. ಅದು ಹೈಡ್ರೋಕ್ಲೋರಿಕ್, ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿನಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ಮತ್ತೆ ಜೋಡಿಸುವಾಗ ಗ್ಯಾಸ್ಕೆಟ್ಟಿಗೆ ಸೋಪಿನ ನೀರು ಸವರಿ, ಎಣ್ಣೆ ಗ್ರೀಸ್ ಬೇಡ. ಒಳಗೆ ಗಾಜಿನ ಲೇಪವಿರುವ (ಗ್ಲಾಸ್ ಲೈನ್ಡ್) ಟ್ಯಾಂಕಾದರೆ ಇದೇ ಹೊತ್ತಿನಲ್ಲಿ ಮೆಗ್ನೀಸಿಯಂ ಆನೋಡ್ ಕಡ್ಡಿಯನ್ನೂ ಹೊರತೆಗೆದು ನೋಡಿ. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಹೊಸದು ಹಾಕಿ, ಅದು ಸವೆಯುತ್ತಿರುವವರೆಗೆ ಮಾತ್ರ ಟ್ಯಾಂಕಿಗೆ ತುಕ್ಕಿನಿಂದ ರಕ್ಷಣೆ.

ನೆರಳನ್ನೂ ಮರೆಯಬೇಡಿ. ಪಕ್ಕದ ಸೈಟಿನಲ್ಲಿ ಹೊಸ ಮಹಡಿ ಎದ್ದ ವರ್ಷದಿಂದ ಬಿಸಿ ಕಡಿಮೆಯಾಯಿತು ಎನ್ನುವವರು ಡಿಸೆಂಬರಿನಲ್ಲಿ ಒಮ್ಮೆ ಟೆರೇಸಿಗೆ ಹತ್ತಬೇಕು. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಆ ತಿಂಗಳು ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ಹತ್ತಡಿ ಗೋಡೆಯ ನೆರಳು ಮಧ್ಯಾಹ್ನ ಏಳೂವರೆ ಅಡಿ, ಬೆಳಗ್ಗೆ ಒಂಬತ್ತರ ಸುಮಾರಿಗೆ ಇನ್ನೂ ಉದ್ದ.

ಮಳೆಗಾಲದ ಬ್ಯಾಕಪ್ ಹೀಟರನ್ನು ಸದಾ ಆನ್ ಇಡುವುದು ಬಿಲ್ ಏರಲು ನೇರ ದಾರಿ. ಬೆಳಗ್ಗೆ ಸ್ನಾನಕ್ಕೆ ನೀರು ಖಾಲಿಯಾಗಿ ತಣ್ಣೀರು ತುಂಬಿದ ಕೂಡಲೇ ಹೀಟರ್ ಶುರುವಾಗುತ್ತದೆ, ಬಿಸಿಲು ಕಾಯಿಸಬೇಕಾದ ನೀರನ್ನು ಕರೆಂಟ್ ಕಾಯಿಸಿಬಿಡುತ್ತದೆ. 100 ಲೀಟರನ್ನು 22ರಿಂದ 60ಕ್ಕೆ ಏರಿಸಲು ಸುಮಾರು ನಾಲ್ಕೂವರೆ ಯೂನಿಟ್, 2 ಕಿಲೋವ್ಯಾಟ್ ಹೀಟರಿಗೆ ಎರಡು ಗಂಟೆಗೂ ಹೆಚ್ಚು. ಥರ್ಮೋಸ್ಟಾಟ್ 50ಕ್ಕಿಟ್ಟು, ಮೋಡದ ದಿನ ಸ್ನಾನಕ್ಕೆ ಎರಡು ಗಂಟೆ ಮೊದಲು ಹಾಕಿದರೆ ಸಾಕು. ಕರೆಂಟ್ ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿಆ್ಯಂಪಿಯರ್ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಅದನ್ನು ಬಳಸಲೇಬೇಡಿ. ಬೇಸಿಗೆಯಲ್ಲಿ ನೀರು 70 ಡಿಗ್ರಿ ದಾಟುವುದುಂಟು, ಮಕ್ಕಳಿರುವ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು.

ಕೊನೆಯದಾಗಿ, ನೀರು ನಿಂತುಹೋದ ದಿನದ ಎಚ್ಚರಿಕೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳು ಟ್ಯಾಂಕರಿಗಾಗಿ ಕಾದವು. ಅಂಥ ಹೊತ್ತಿನಲ್ಲಿ ಓವರ್‌ಹೆಡ್ ಟ್ಯಾಂಕ್ ಬರಿದಾದರೆ ಸೋಲಾರ್ ಟ್ಯಾಂಕಿಗೂ ನೀರು ಬರುವುದಿಲ್ಲ. ಟ್ಯೂಬುಗಳೂ ಒಣಗಿದ್ದರೆ ಬಿಸಿಲಿನಲ್ಲಿ ಅವುಗಳ ಒಳಮೈ 200 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಎರಡಕ್ಕೆ ಟ್ಯಾಂಕರ್ ಬಂದು ಆ ಗಾಜಿಗೆ ತಣ್ಣೀರು ತಗುಲಿದರೆ ಸಾಲಾಗಿ ಸಿಡಿಯುತ್ತವೆ. ಓವರ್‌ಹೆಡ್ ಟ್ಯಾಂಕಿನ ನೀರು ಮುಗಿಯುತ್ತಿದೆ ಎಂದು ಗೊತ್ತಾದ ಕೂಡಲೇ ಸೋಲಾರಿಗೆ ಹೋಗುವ ತಣ್ಣೀರ ವಾಲ್ವ್ ಮುಚ್ಚಿ, ಟ್ಯೂಬುಗಳ ಮೇಲೆ ಟಾರ್ಪಾಲು ಅಥವಾ ಗೋಣಿ ತಾಟು ಹೊದಿಸಿ. ವಾರಗಟ್ಟಲೆ ಊರಿಗೆ ಹೋಗುವಾಗಲೂ ಅರ್ಧ ಟ್ಯೂಬುಗಳಿಗೆ ಹೀಗೇ ಹೊದಿಸಿ, ಇಲ್ಲವಾದರೆ ಬಳಸದ ನೀರು ಕುದಿಯುವ ಹಂತಕ್ಕೇರಿ ಗ್ಯಾಸ್ಕೆಟ್ಟುಗಳು ಬೇಗ ಗಟ್ಟಿಯಾಗುತ್ತವೆ. ಒಣಗಿದ ಟ್ಯೂಬುಗಳಿಗೆ ಮತ್ತೆ ನೀರು ಬಿಡುವುದು ಸೂರ್ಯ ಮುಳುಗಿ ಎರಡು ಗಂಟೆಯ ನಂತರ, ಇಲ್ಲವೇ ಮಾರನೇ ದಿನ ಬೆಳಕು ಹರಿಯುವ ಮುನ್ನ.