ಮುಳುಗುವ ದಾರಿಯಲ್ಲಿ ಮೇಲೆದ್ದ ದ್ವೀಪ

ಮಿನಾಮಿದೈತೊಗೆ ಹಡಗಿನಲ್ಲಿ ಹೋದವರು ನಡೆದು ದಡ ಸೇರುವುದಿಲ್ಲ. ಪಂಜರದಲ್ಲಿ ನಿಲ್ಲಿಸಿ ಕ್ರೇನಿನಿಂದ ಎತ್ತಿ ಇಳಿಸುತ್ತಾರೆ. ಓಕಿನಾವಾದಿಂದ ಪೂರ್ವಕ್ಕೆ ಸುಮಾರು 360 ಕಿ.ಮೀ. ದೂರದ ಈ ಜಪಾನೀ ದ್ವೀಪದ ಸುತ್ತಲೂ ಕಡಿದಾದ ಬಂಡೆ.

ಹವಳದ ದ್ವೀಪ ಅಂದರೆ ಬಿಳಿ ಮರಳು, ತೆಂಗಿನ ಮರ ಅಂತ ಕ್ಯಾಲೆಂಡರ್ ನೋಡಿ ನಂಬಿಬಿಟ್ಟಿದ್ದೇವೆ. ಇದೂ ಹವಳದ್ದೇ! ಸುಮಾರು 4.8 ಕೋಟಿ ವರ್ಷಗಳ ಹಿಂದೆ ಸಮಭಾಜಕದ ಹತ್ತಿರ ಜ್ವಾಲಾಮುಖಿಯಾಗಿ ಹುಟ್ಟಿತು. ಆಮೇಲೆ ಅದು ಮುಳುಗುತ್ತಾ ಹೋಯಿತು, ಹವಳ ಮೇಲೆ ಬೆಳೆಯುತ್ತಾ ಹೋಯಿತು. ಪಕ್ಕದ ಕಿತಾದೈತೊದಲ್ಲಿ 1934–36ರಲ್ಲಿ 430 ಮೀಟರಿಗೂ ಆಳಕ್ಕೆ ಕೊರೆದರು. ಹವಳ ಕಟ್ಟಿದ ಸುಣ್ಣಕಲ್ಲು ಮುಗಿಯಲೇ ಇಲ್ಲ.

ಮುಳುಗುತ್ತಿದ್ದದ್ದು ಎದ್ದದ್ದು ಹೇಗೆ? ಜ್ವಾಲಾಮುಖಿ ಮತ್ತೆ ತಳ್ಳಿರಬೇಕು ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ಅದು ತಪ್ಪು. ದ್ವೀಪ ಕೂತಿರುವ ಫಿಲಿಪೀನ್ ಸಮುದ್ರದ ಭೂಫಲಕ, ಅಂದರೆ ಭೂಮಿಯ ಹೊರಪದರದ ದೊಡ್ಡ ತುಂಡು, ವರ್ಷಕ್ಕೆ ಸುಮಾರು 7 ಸೆಂ.ಮೀ. ವಾಯವ್ಯಕ್ಕೆ ಸರಿಯುತ್ತಿದೆ. ಓಕಿನಾವಾದ ಮುಂದೆ ಸಮುದ್ರತಳದಲ್ಲಿರುವ ಆಳವಾದ ರ್ಯುಕ್ಯು ಕಂದಕದಲ್ಲಿ ಅದು ಬಗ್ಗಿ ಕೆಳಗಿಳಿಯುತ್ತದೆ. ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನಿಂದಾಚೆ ಚಾಚಿ, ಒಳತುದಿಯನ್ನು ಹಿಡಿದು ಹೊರತುದಿಯನ್ನು ಒತ್ತಿ ನೋಡಿ. ಮೇಜಿನ ಮೇಲಿರುವ ಭಾಗ ಸ್ವಲ್ಪ ಉಬ್ಬುತ್ತದೆ, ಅಲ್ವಾ? ಫಲಕವೂ ಗಟ್ಟಿ, ಕಂದಕಕ್ಕೆ ಇಳಿಯುವ ಮುಂಚೆ ಉಬ್ಬುತ್ತದೆ. ಉಬ್ಬು ಇದ್ದಲ್ಲೇ ಇರುತ್ತದೆ, ಫಲಕ ಅದನ್ನು ದಾಟುತ್ತಾ ಹೋಗುತ್ತದೆ. ಮಿನಾಮಿದೈತೊ, ಕಿತಾದೈತೊ ಸೇರಿದ ದೈತೊ ದ್ವೀಪಗಳು ಈಗ ಆ ಏರಿನಲ್ಲಿವೆ. ಇಳಿಜಾರು, ಕಂದಕ ಎಲ್ಲಾ ಇನ್ನೂ ಲಕ್ಷಾಂತರ ವರ್ಷ ದೂರ.

ಹೀಗೆ ಎದ್ದಾಗ ಉಂಗುರದಂಥ ಹವಳದ ದಿಬ್ಬ ಎತ್ತರದ ಅಂಚಾಯಿತು. ಅತಿ ಎತ್ತರದ ಜಾಗ 75 ಮೀಟರ್. ದಿಬ್ಬದೊಳಗೆ ನಿಂತ ಸಮುದ್ರದ ನೀರು, ಅಂದರೆ ಲಗೂನ್, ಇದ್ದ ನಡುವಿನ ತಗ್ಗಿನಲ್ಲಿ ಈಗ ಕೆರೆಗಳು, ಕಬ್ಬಿನ ಹೊಲಗಳು.

ಈ ಆಕಾರವೇ ಆಡಳಿತವನ್ನೂ ತೀರ್ಮಾನಿಸಿತು ಅನ್ನುವುದು ನನ್ನ ಲೆಕ್ಕ. ಜಪಾನ್ 1885ರಲ್ಲಿ ದ್ವೀಪವನ್ನು ತನ್ನದೆಂದು ಸಾರಿತು. ಆದರೂ ಬಂಡೆ ಹತ್ತಿ ನೆಲೆಸುವವರು ಬೇಕಲ್ಲ! 1900ರಲ್ಲಿ ಹಚಿಜೋ ದ್ವೀಪದ ಉದ್ಯಮಿ ತಮಾಓಕಿ ಹಾನೆಮೋನ್ ಕಳಿಸಿದ ತಂಡ ಬಂಡೆ ಹತ್ತಿತು, ಕಾಡು ಕಡಿಯಿತು, ಕಬ್ಬು ನೆಟ್ಟಿತು. ಮೊದಲೇ ಜನ ಇಲ್ಲದ ಜಾಗ, ಸರ್ಕಾರ ದೂರ. ಹಾಗಾಗಿ ಕಂಪನಿಯೇ ಸರ್ಕಾರವಾಯಿತು. ಶಾಲೆ ಅದರದ್ದು, ಆಸ್ಪತ್ರೆ ಅದರದ್ದು, ಒಂದು ಕಾಲಕ್ಕೆ ಹಣದ ಬದಲು ಓಡುತ್ತಿದ್ದ ಚೀಟಿಯೂ ಅದರದ್ದೇ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅಮೆರಿಕನ್ನರ ಆಳ್ವಿಕೆಯಲ್ಲಿ ಇದು ಅಧಿಕೃತವಾಗಿ ಗ್ರಾಮವಾಯಿತು. ಆದರೂ ಉಳುವವನೇ ಹೊಲದೊಡೆಯ ಆಗಲು 1964ರವರೆಗೆ ಕಾಯಬೇಕಾಯಿತು.

ಈಗ ಇದು ಓಕಿನಾವಾ ಪ್ರಾಂತ್ಯದ ಗ್ರಾಮ. ಜನ ಸಾವಿರಕ್ಕಿಂತ ಸ್ವಲ್ಪ ಜಾಸ್ತಿ. ವಿಮಾನ ನಿಲ್ದಾಣವಿದೆ, ಸಕ್ಕರೆ ಕಾರ್ಖಾನೆಯಿದೆ. ನಮ್ಮ ಪಿಯುಸಿ ಮಟ್ಟದ ಓದಿಗೆ ಮಾತ್ರ ಶಾಲೆಯಿಲ್ಲ. 15 ತುಂಬಿದ ಮಕ್ಕಳು ಓದು ಮುಂದುವರಿಸಲು ದ್ವೀಪ ಬಿಡಲೇಬೇಕು.